ನಮ್ಮ ಮಾವ ಬಿಚ್ಚಿ ಹರಡಿದ ಆರು ಮಿಕ್ಸಿಗಳು

ಒಂದು ಪ್ರಶ್ನೆ ಕೇಳುತ್ತೇನೆ, ಎದೆ ಮುಟ್ಟಿಕೊಂಡು ಉತ್ತರ ಹೇಳಿ. ಮನೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಮುಖ ನೋಡಿಕೊಂಡೇ ಹಸಿ ಸುಳ್ಳು ಹೇಳಿ ಬಂದಿದ್ದೀರಾ? "ದಿನಾ ವಾಕಿಂಗ್ ಹೋಗ್ತಾರೆ, ಉಪ್ಪು ಕಮ್ಮಿ ಹಾಕ್ತೀವಿ" ಅನ್ನುವ ಸಣ್ಣಪುಟ್ಟ ಸುಳ್ಳಲ್ಲ, ಅದನ್ನು ಹೇಳದವರು ಯಾರಿದ್ದಾರೆ? ನಾನು ಕೇಳುತ್ತಿರುವುದು ದೊಡ್ಡ ಸುಳ್ಳು. ಮನೆಯಲ್ಲಿ ಒಬ್ಬ ಮನುಷ್ಯ ದಿನದಿನಕ್ಕೂ ಬೇರೆಯೇ ಆಗುತ್ತಿದ್ದಾನೆ, ಡಾಕ್ಟರು ಸರಿಯಾಗಿ ಅದನ್ನೇ ಕೇಳುತ್ತಿದ್ದಾರೆ, ನೀವು ಮಾತ್ರ "ಏನಿಲ್ಲ ಮೇಡಂ" ಎಂದು ಹಲ್ಲು ಕಿರಿದಿರಿ. ಅಂಥದ್ದು.

ನಾನು ಹೇಳಿದ್ದೇನೆ. ನಮ್ಮ ಮಾವನಿಗೋಸ್ಕರ.

ನಮ್ಮದು ಬಾಪೂಜಿ ನಗರದ ಹಳೇ ಮನೆ. ಎರಡು ರೂಮು, ಒಂದು ಹಾಲು, ಎಲ್ಲರಿಗೂ ಸೇರಿ ಒಂದೇ ಬಾತ್‌ರೂಮು. ಇರುವುದು ನಾನು, ನನ್ನ ಗಂಡ, ಅತ್ತೆ, ಮಾವ. ಮಾವ ನಾಯಂಡಹಳ್ಳಿಯಲ್ಲಿ ನಲವತ್ತು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದವರು. ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಮಿಕ್ಸಿ, ಫ್ಯಾನು ಎಲ್ಲ ಬಿಡುವಿನ ಆಟ. ಮಾತು ಕಡಿಮೆ, ನಾಚಿಕೆ ಜಾಸ್ತಿ. ನಾನು ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಮುಂದೆ ಬರೀ ಬನಿಯನ್‌ನಲ್ಲಿ ನಿಂತವರಲ್ಲ. ನಾನು ಹಾಲಿಗೆ ಬರುವ ಸದ್ದಾದರೆ ಹೆಗಲ ಮೇಲೊಂದು ಟವೆಲ್ ಬೀಳುತ್ತಿತ್ತು.

ಇಂಥವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಮೊದಲು ಬಲಗೈ ನಡುಕ. ಆಮೇಲೆ ನಡೆಯುತ್ತಾ ನಡೆಯುತ್ತಾ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುವುದು. ನಾಲ್ಕನೇ ವರ್ಷಕ್ಕೆ ಕುರ್ಚಿಯಿಂದ ಏಳುವುದಕ್ಕೇ ಆಗದ ಸ್ಥಿತಿ. ಬೆಳಿಗ್ಗೆ ನನ್ನ ಗಂಡ ಇದ್ದರೆ ಬಾತ್‌ರೂಮಿಗೆ ಅವರೇ ಕರೆದುಕೊಂಡು ಹೋಗುತ್ತಿದ್ದರು. ಗಂಡನ ಕೆಲಸ ಕೆಂಗೇರಿ ಆಚೆಯ ಒಂದು ಫ್ಯಾಕ್ಟರಿಯಲ್ಲಿ. ಮೊದಲನೇ ಶಿಫ್ಟಿನ ವಾರವಾದರೆ ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ಆ ವಾರ ಮಾವನ ಒಂದು ಕಡೆ ಮಂಡಿನೋವಿನ ಅತ್ತೆ, ಇನ್ನೊಂದು ಕಡೆ ನಾನು. ಮೊದಲ ದಿನ ಬಾತ್‌ರೂಮಿನ ಒಳಗೆ ಮಾವ ಗೋಡೆಯ ಕಡೆ ಮುಖ ಮಾಡಿ, "ಕಣ್ಣು ಮುಚ್ಕೋಮ್ಮ" ಎಂದರು. ನಾನು ಮುಚ್ಚಿಕೊಂಡೆ. ಹಣೆ ಹೋಗಿ ನಲ್ಲಿಗೆ ಹೊಡೆಯಿತು. ಅತ್ತೆಗೆ ನಗು ತಡೆಯಲಾಗಲಿಲ್ಲ, ನನಗೂ ಆಗಲಿಲ್ಲ. ಮಾವ ಮಾತ್ರ ನಗಲಿಲ್ಲ. ಅವತ್ತಿನಿಂದ ಸಂಜೆ ಕಾಫಿ ಬಿಟ್ಟರು, ನೀರು ಕಮ್ಮಿ ಮಾಡಿದರು. ಬಾತ್‌ರೂಮಿಗೆ ಹೋಗುವ ಸರದಿ ಒಂದಾದರೂ ತಪ್ಪಲಿ ಎಂದು.

ಆಷಾಢದಲ್ಲಿ ನರರೋಗದ ಲೇಡಿ ಡಾಕ್ಟರು ಹೊಸದೊಂದು ಮಾತ್ರೆ ಸೇರಿಸಿದರು. ಬರೆದುಕೊಡುವಾಗಲೇ ಸ್ಪಷ್ಟವಾಗಿ ಹೇಳಿದ್ದರು. "ನೋಡಿ, ಈ ಮಾತ್ರೆಗೆ ಕೆಲವರಿಗೆ ಮನಸ್ಸು ಒಂದೇ ಕಡೆ ಸಿಕ್ಕಾಕೊಳ್ಳುತ್ತೆ. ಇಸ್ಪೀಟು, ಶಾಪಿಂಗು, ಸಿಕ್ಕಾಪಟ್ಟೆ ತಿನ್ನೋದು, ಇಲ್ಲಾ ಹೆಂಡ್ತಿ ಹತ್ರ... ಆ ಆಸೆ ಜಾಸ್ತಿ ಆಗೋದು. ಏನೇ ಮಿತಿ ಮೀರಿದ್ರೂ ಮುಚ್ಚಿಡ್ಬೇಡಿ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ವಾಪಸ್ ಬರುವಾಗ ಆಟೋದಲ್ಲಿ ಶುರುವಾಯಿತು.

"ಆ ಮಗೀಗೆ ವಯಸ್ಸೆಷ್ಟಾಗಿದ್ದಾತು? ಕೇಳೋ ಮಾತೇನು!"

"ಡಾಕ್ಟ್ರಲ್ವಾ ಅತ್ತೆ, ಕೇಳ್ಬೇಕಾಗುತ್ತೆ."

"ಕೇಳ್ಲಿ ಬಿಡು. ಇವ್ರು ಇಪ್ಪತ್ತೈದನೇ ವಯಸ್ಸಲ್ಲೇ ಮೋಟಾರ್ ಬಿಟ್ಟು ಬೇರೆ ಕಡೆ ತಿರುಗಿ ನೋಡ್ಲಿಲ್ಲ. ಈಗ ನೋಡ್ತಾರಾ?"

ಮಾವ ಆಟೋದ ಹೊರಗೆ ನೋಡುತ್ತಾ ಕುಳಿತಿದ್ದರು. ಕಿವಿ ಮಾತ್ರ ಕೆಂಪಾಗಿತ್ತು.

ಮಾತ್ರೆ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಡೋಸ್ ಮೆಲ್ಲಗೆ ಏರಿಸಿದ ಹಾಗೆ ಕಾಲು ಬಿಟ್ಟುಕೊಂಡಿತು. ಒಂದು ಬೆಳಿಗ್ಗೆ ಮಾವ ಒಬ್ಬರೇ ಎದ್ದು, ಗೋಡೆ ಹಿಡಿದುಕೊಂಡು ಬಾತ್‌ರೂಮಿಗೆ ನಡೆದು ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡರು. ನಾವು ಮೂವರೂ ಹಾಲಿನಲ್ಲಿ ಸಿನಿಮಾ ನೋಡುವವರ ಹಾಗೆ ಮುಚ್ಚಿದ ಬಾಗಿಲು ನೋಡುತ್ತಾ ಕುಳಿತೆವು. ಹೊರಗೆ ಬಂದವರ ಮುಖದಲ್ಲಿ ನಾಲ್ಕು ವರ್ಷದಿಂದ ಕಾಣದ ಗತ್ತು. "ಕಾಫಿ ಕೊಡಮ್ಮ," ಎಂದರು. ಎರಡು ಲೋಟ ಕುಡಿದರು.

ಅದಾಗಿ ಹದಿನೈದು ದಿನಕ್ಕೆ ಕಾಲಿಂಗ್ ಬೆಲ್ ಬಿಚ್ಚಿದರು.

ನಮಗೆ ಎಷ್ಟು ಖುಷಿಯಾಯಿತೆಂದರೆ ನಾನು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಕೈಯಲ್ಲಿ ಸ್ಕ್ರೂಡ್ರೈವರ್, ಮೂಗಿನ ತುದಿಯಲ್ಲಿ ಕನ್ನಡಕ. ಮೂವತ್ತು ಹೃದಯದ ಚಿಹ್ನೆ ಬಂದವು. ಅತ್ತೆ ಬೀದಿಯೆಲ್ಲ ಹೇಳಿಕೊಂಡು ಬಂದರು: "ನಮ್ಮನೆಯವ್ರಿಗೆ ಕೈ ಬಂತು ಕಣ್ರೀ." ಬಾಪೂಜಿ ನಗರದಲ್ಲಿ ಕೆಟ್ಟ ಮಿಕ್ಸಿ ಇಲ್ಲದ ಮನೆ ಯಾವುದಿದೆ? ಒಂದು ವಾರದೊಳಗೆ ಆರು ಮಿಕ್ಸಿ, ಎರಡು ಟೇಬಲ್ ಫ್ಯಾನು ನಮ್ಮ ಹಾಲಿನಲ್ಲಿ. ಆರರಲ್ಲಿ ಒಂದು ನಮ್ಮದೇ. ಅದು ಕೆಟ್ಟಿರಲಿಲ್ಲ.

ಡಾಕ್ಟರು ಹೇಳಿದ್ದು ನಮಗೆ ನೆನಪಿತ್ತು. ಆದರೆ ಅವರು ಇಸ್ಪೀಟು ಎಂದಿದ್ದರು, ಶಾಪಿಂಗ್ ಎಂದಿದ್ದರು, ಅತ್ತೆಗೆ ನಾಚಿಕೆಯಾಗುವಂಥದ್ದು ಎಂದಿದ್ದರು. ಮಿಕ್ಸಿ ಎಂದಿರಲಿಲ್ಲ. ಒಬ್ಬ ಗಂಡಸು ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿ ಕೆಲಸ ಮಾಡುವುದು ರೋಗದ ಲಕ್ಷಣ ಎಂದರೆ ನಮ್ಮ ಬೀದಿಯಲ್ಲಿ ಯಾರು ಒಪ್ಪುತ್ತಾರೆ? ಕೆಲಸ ಬಿಟ್ಟು ಕೂತರೆ ರೋಗ. ಮಾಡಿದರೆ ಹಾರ ಹಾಕಬೇಕು.

ಎದುರು ಮನೆ ಆಂಟಿ ಮೊದಲು ಬಾಗಿಲಿಗೆ ಬಂದರು.

"ನನ್ ಮಿಕ್ಸಿ ಏನಾಯ್ತಮ್ಮ? ಮೂರು ವಾರದಿಂದ ನಮ್ಮನೇಲಿ ಚಟ್ನಿ ಇಲ್ಲ. ನಮ್ ಯಜಮಾನ್ರು ದೋಸೆ ತಟ್ಟೆ ಮುಂದೆ ಮುಖ ಊದಿಸ್ಕೊಂಡು ಕೂತವ್ರೆ."

"ಪಾರ್ಟ್ಸ್ ಬರ್ಬೇಕಂತೆ ಆಂಟಿ."

"ಎಲ್ಲಿಂದ, ಜಪಾನಿಂದ್ಲಾ?"

ಪಾರ್ಟ್ಸ್ ಬರಬೇಕಾಗಿರಲಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಇದ್ದವು. ಹಾಲಿನ ತುಂಬ ನ್ಯೂಸ್‌ಪೇಪರ್ ಹಾಸಿ, ಸ್ಕ್ರೂಗಳನ್ನು ಉದ್ದದ ಪ್ರಕಾರ ಸ್ಟೀಲ್ ತಟ್ಟೆಗಳಲ್ಲಿ ಜೋಡಿಸಿದ್ದರು. ವಾಷರುಗಳು ಇಡ್ಲಿ ತಟ್ಟೆಯ ಕುಳಿಗಳಲ್ಲಿ, ಒಂದೊಂದು ಕುಳಿಗೆ ಒಂದೊಂದು ಸೈಜು. ಎಲ್ಲ ಜೋಡಿಸಿ, ಬಟ್ಟೆಯಲ್ಲಿ ಒರೆಸಿ, ಒಂದು ನಿಮಿಷ ನೋಡಿ, ಅಷ್ಟನ್ನೂ ಒಂದು ಬಕೆಟ್ಟಿಗೆ ಸುರಿದು, ಮತ್ತೆ ಮೊದಲಿನಿಂದ ಜೋಡಿಸುತ್ತಿದ್ದರು. ಮೂರು ವಾರದಲ್ಲಿ ಒಂದೇ ಒಂದು ಮಿಕ್ಸಿ ವಾಪಸ್ ಕೂಡಿರಲಿಲ್ಲ.

"ಮಾವ, ಇದ್ರಲ್ಲಿ ಯಾವ್ದು ಯಾರ್ದು?"

"ಒಳಗಡೆ ಎಲ್ಲಾ ಒಂದೇ ಕಣಮ್ಮ," ಎಂದರು, ಏನೋ ಜ್ಞಾನೋದಯವಾದವರ ಹಾಗೆ.

ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಮುದ್ದೆ ಮುರಿದು ಬಾಯಿಗಿಟ್ಟರೆ, ಕೈ ಕೆಲಸ ನಿಲ್ಲಿಸದೇ ನುಂಗುತ್ತಿದ್ದರು. ಮಿಕ್ಸಿಗಳು ಮುಗಿದ ಮೇಲೆ ಅಡುಗೆಮನೆ ನಲ್ಲಿ, ಕುಕ್ಕರ್ ಹಿಡಿ, ನನ್ನ ಕೊಡೆ. ಒಂದು ದಿನ ನನಗೆ ರೇಗಿ ತಟ್ಟೆ ಎತ್ತಿಡಲು ಹೋದೆ. "ಮುಟ್ಬೇಡ!" ಎಂದು ಕೂಗಿದರು. ಆ ಗಂಟಲಿನಿಂದ ಅಂಥ ಸದ್ದು ನಾನು ಕೇಳಿಯೇ ಇರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ನಿಂತು ನೋಡಿದಳು.

ಅವತ್ತು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಮಾವ ನನ್ನನ್ನು ಹತ್ತಿರ ಕರೆದರು. ಕೈ ಇನ್ನೂ ವಾಷರ್ ಎಣಿಸುತ್ತಲೇ ಇತ್ತು.

"ಇದು ಸರಿಯಿಲ್ಲ ಅಂತ ನಂಗೂ ಗೊತ್ತು ಕಣಮ್ಮ. ಬಿಚ್ಚೋವಾಗ ಹಿತವಾಗಿರ್ತದೆ. ಬಿಚ್ಚಿದ್ಮೇಲೆ ಏನೂ ಇಲ್ಲ. ತಕ್ಷಣ ಇನ್ನೊಂದು ಬೇಕು ಅನ್ಸುತ್ತೆ."

"ಡಾಕ್ಟ್ರು ಹೇಳಿದ್ರಲ್ಲ ಮಾವ, ಅದೇ ಇರ್ಬೇಕು. ಸೋಮವಾರ ತೋರ್ಸೋಕೆ ಹೋದಾಗ ಹೇಳ್ಬಿಡೋಣ."

"ಹೇಳಿದ್ರೆ ಮಾತ್ರೆ ನಿಲ್ಲಿಸ್ತಾರೆ." ಇನ್ನೊಂದು ವಾಷರ್ ತಟ್ಟೆಗೆ ಹಾಕಿದರು. "ಮಾತ್ರೆ ಹೋದ್ರೆ ಕಾಲು ಹೋಗ್ತದೆ. ಆಮೇಲೆ ಮತ್ತೆ ನೀನೇ ಬರ್ಬೇಕು ಅಲ್ಲಿಗೆ. ಬ್ಯಾಡ ಕಣಮ್ಮ. ಕೈ ಮುಗೀತೀನಿ."

ನಿಜವಾಗಿಯೂ ಮುಗಿದರು. ಒಂದು ಅಂಗೈಯಲ್ಲಿ ಮಿಕ್ಸಿ ಮೋಟಾರಿನ ಕಾರ್ಬನ್ ಬ್ರಷ್ ಇತ್ತು. ನಾನೇನು ಮಾಡಲಿ? ಸೋಮವಾರ ಡಾಕ್ಟರು ಕೇಳಿದಾಗ "ಏನಿಲ್ಲ ಮೇಡಂ, ತುಂಬಾ ಆಕ್ಟಿವ್ ಆಗಿದ್ದಾರೆ" ಎಂದೆ. ಮಾವ ನನ್ನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ನಾನು ಆಸ್ತಿ ಬರೆದುಕೊಟ್ಟಿದ್ದರೂ ಅಷ್ಟು ಪ್ರೀತಿಯಿಂದ ನೋಡುತ್ತಿರಲಿಲ್ಲ.

ಇದು ಇನ್ನೆಷ್ಟು ದಿನ ನಡೆಯುತ್ತಿತ್ತೋ. ಆಯುಧಪೂಜೆ ಬಂತು.

ಆಯುಧಪೂಜೆ ವಿಷಯದಲ್ಲಿ ಮಾವನದು ಕಟ್ಟುನಿಟ್ಟು. ಪೂಜೆಗಿಟ್ಟ ಮೇಲೆ ಮಾರನೇ ದಿನ ವಿಜಯದಶಮಿಯ ಪೂಜೆ ಮುಗಿಯುವವರೆಗೆ ಒಂದು ಸ್ಪ್ಯಾನರ್ ಕೂಡ ಮುಟ್ಟುವ ಹಾಗಿಲ್ಲ. ವರ್ಷವೆಲ್ಲ ದುಡಿದ ಸಾಮಾನಿಗೆ ಅದೊಂದೇ ರಜೆ ಎನ್ನುತ್ತಿದ್ದರು. ಒಂದು ವರ್ಷ ಅವತ್ತೇ ಯಾವುದೋ ಕಲ್ಯಾಣ ಮಂಟಪದ ಮೋಟಾರ್ ಸುಟ್ಟು, ಮಾಲೀಕರೇ ಕಾರಿನಲ್ಲಿ ಅಂಗಡಿಗೆ ಬಂದರಂತೆ. ಮಾವ ಕಡಲೆಪುರಿ ಪ್ರಸಾದ ಕೊಟ್ಟು, "ನಾಳೆ ಬನ್ನಿ ಸಾರ್" ಎಂದು ಕಳಿಸಿದ್ದರು.

ಅಂಗಡಿ ಮುಚ್ಚಿದ್ದರಿಂದ ಆ ಸಲ ಮನೆಯಲ್ಲೇ ಪೂಜೆ. ಹಳೇ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್‌ಗಳನ್ನು ಮಣೆಯ ಮೇಲೆ ಸಾಲಾಗಿಟ್ಟು ಕುಂಕುಮ ಹಚ್ಚಿದೆವು. ಗೇಟಿನ ಹತ್ತಿರ ನನ್ನ ಸ್ಕೂಟರಿಗೆ ಚೆಂಡು ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳಕಾಯಿ. ಮಾವನೇ ಮಂಗಳಾರತಿ ಎತ್ತಿದರು. ಎಲ್ಲ ಮುಗಿಸಿ ನಾನೂ ಅತ್ತೆಯೂ ಒಳಗೆ ಎಲೆ ಹಾಕುತ್ತಿದ್ದೆವು. ಮಾವ ಕಾಣಲಿಲ್ಲ.

ಹೊರಗೆ ಬಂದು ನೋಡಿದರೆ ಸ್ಕೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ಹಾರ ಹಾಕಿಸಿಕೊಂಡ ಸ್ಕೂಟರಿನ ಹೆಡ್‌ಲೈಟು ವೈರಿನ ತುದಿಯಲ್ಲಿ ನೇತಾಡುತ್ತಿದೆ. ಮಾವನ ಕೈಯಲ್ಲಿ ಪೂಜೆಯ ಸ್ಕ್ರೂಡ್ರೈವರ್, ಬೆರಳಿಗೆಲ್ಲ ಕುಂಕುಮ.

ನನಗೆ ಮೊದಲು ನಗು ಬಂತು. ಅತ್ತೆಯ ಮುಖ ನೋಡಿ ನಿಂತುಹೋಯಿತು.

"ಏನ್ರೀ," ಎಂದರು ಅತ್ತೆ, ಮೆಲ್ಲಗೆ. "ಇವತ್ತು ಯಾವ ದಿನ?"

ಮಾವ ತಮ್ಮ ಕೈಯನ್ನೇ ನೋಡಿಕೊಂಡರು. ಯಾರದೋ ಕೈ ನೋಡಿದ ಹಾಗೆ.

"ಗೊತ್ತು ಕಣೆ. ಮುಟ್ಬಾರ್ದು ಅಂತ ಹೇಳ್ಕೊಂಡೇ ತಗೊಂಡೆ."

ಅತ್ತೆ ಗೇಟಿನ ಮೆಟ್ಟಿಲ ಮೇಲೆ, ಮಂಡಿ ನೋವನ್ನೂ ಮರೆತು, ಅವರ ಪಕ್ಕ ಕುಳಿತುಬಿಟ್ಟರು. ಅಷ್ಟು ದಿನ ಈ ಮಿಕ್ಸಿ ಪುರಾಣವನ್ನು ಅವರು ಕೆಲಸದ ಹುಚ್ಚು ಎಂದೇ ಬಗೆದಿದ್ದರು. ಆ ಕುಂಕುಮದ ಕೈ ನೋಡಿದ ಮೇಲೆ ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. "ಇದು ನೀವಲ್ಲ. ನಾಳಿದ್ದೇ ಡಾಕ್ಟ್ರ ಹತ್ರ ಹೋಗೋಣ. ಹೇಳೋದು ನಾನು," ಎಂದರು. ನನ್ನ ಕಡೆ ತಿರುಗಿ, "ಇವಳ ಬಾಯಿ ಮೇಲೆ ನಂಗೆ ನಂಬ್ಕೆ ಇಲ್ಲ," ಎಂದೂ ಸೇರಿಸಿದರು. ಆ ಮಧ್ಯಾಹ್ನದ ಮಾತು, ಸೋಮವಾರದ ಸುಳ್ಳು ಎರಡೂ ಅವರಿಗೆ ಗೊತ್ತಿತ್ತು; ಆಗ ನಂಬಿರಲಿಲ್ಲ ಅಷ್ಟೇ. ಗೋಡೆಗೂ ಕಿವಿ ಬೇಡ, ಮಲಗಿದ ಹಾಗೆ ನಟಿಸುವ ಅತ್ತೆ ಇದ್ದರೆ ಸಾಕು.

ಡಾಕ್ಟರ ಮುಂದೆ ಅತ್ತೆ ಕಾಲಿಂಗ್ ಬೆಲ್ಲಿನಿಂದ ಸ್ಕೂಟರಿನವರೆಗೆ ಒಂದೂ ಬಿಡದೆ ಒಪ್ಪಿಸಿದರು. ಡಾಕ್ಟರು ನನ್ನನ್ನು ನೋಡಿದರು.

"ಹೋದ ಸಲ ಆಕ್ಟಿವ್ ಆಗಿದ್ದಾರೆ ಅಂದಿದ್ದು ನೀವೇ ತಾನೇ?"

ನಾನು ಫ್ಯಾನು ನೋಡಿದೆ. "ಹೌದು ಮೇಡಂ. ಆಕ್ಟಿವ್ ಆಗೇ ಇದ್ರು."

ಅವರು ಬೈಯಲಿಲ್ಲ. ಇದಕ್ಕೂ ಒಂದು ಹೆಸರಿದೆ, ಮಿದುಳಿನಲ್ಲಿ ಕಾಲು ಓಡಿಸುವ ರಸವೇ ಆಸೆಯನ್ನೂ ಓಡಿಸುತ್ತದೆ, ಬಹಳ ಜನ ತಮ್ಮ ಕಸುಬಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ವಿವರಿಸಿದರು. ದರ್ಜಿಯಾದರೆ ಬಟ್ಟೆ ಕತ್ತರಿಸುತ್ತಾ ಕೂರುತ್ತಾನಂತೆ. "ಇದು ನಿಮ್ಮ ಬುದ್ಧಿ ತಪ್ಪಲ್ಲ ಯಜಮಾನ್ರೇ, ಮಾತ್ರೆದು. ಮೆಲ್ಲಗೆ ಇಳಿಸೋಣ. ನೀವೇ ಮನೇಲಿ ತಟ್ಟನೆ ನಿಲ್ಲಿಸ್ಬೇಡಿ, ಅದು ಇನ್ನೂ ಕಷ್ಟ." ಇಷ್ಟು ಹೇಳಿ ಚೀಟಿಗೆ ಕಾಗದ ಪಿನ್ ಮಾಡಲು ಸ್ಟೇಪ್ಲರ್ ಹುಡುಕಿದರು. ಅದು ಮೂರು ತುಂಡಾಗಿ ಮಾವನ ತೊಡೆಯ ಮೇಲಿತ್ತು.

ಮಾವ ತಲೆ ತಗ್ಗಿಸಿಕೊಂಡೇ ಮೊದಲ ಸಲ ಬಾಯಿ ಬಿಟ್ಟರು.

"ಇಳಿಸಿ ಮೇಡಂ. ಬ್ಯಾಡ ಅನ್ನಲ್ಲ. ಆದ್ರೆ ಬೆಳಿಗ್ಗೆ ಹತ್ತು ನಿಮಿಷ ನಂಗೆ ಕಾಲು ಬೇಕು. ಹತ್ತೇ ನಿಮಿಷ. ಆಮೇಲೆ ಇಡೀ ದಿನ ಕುರ್ಚೀಲಿ ಕೂತ್ಕೋ ಅಂದ್ರೂ ಕೂತ್ಕೋತೀನಿ."

"ಹತ್ತು ನಿಮಿಷ ಯಾಕೆ?"

ಬಾತ್‌ರೂಮಿನ ಸಂಗತಿ ನಾನೇ ಹೇಳಿದೆ. ಅವತ್ತಾದರೂ ನಿಜ ಹೇಳಬೇಕಿತ್ತಲ್ಲ. ಡಾಕ್ಟರು ಹಳೇ ಮಾತ್ರೆಯ ಹೊತ್ತನ್ನೆಲ್ಲ ಆ ಹತ್ತು ನಿಮಿಷದ ಸುತ್ತ ಜೋಡಿಸಿ ಬರೆದುಕೊಟ್ಟರು. ಹಾಸಿಗೆಯಲ್ಲಿದ್ದಾಗಲೇ ಒಂದು, ಅರ್ಧ ಗಂಟೆ ಕಾದು ಏಳುವುದು. "ದಿನಾ ಗ್ಯಾರಂಟಿ ಅಲ್ಲ," ಎಂದೂ ಹೇಳಿದರು.

ಡೋಸ್ ಇಳಿಸಿದ ವಾರಗಳು ಚೆನ್ನಾಗಿರಲಿಲ್ಲ. ಮಾವ ಸಿಡಿಮಿಡಿ, ಮಾತಿಲ್ಲ, ಕೈ ಸುಮ್ಮನೆ ಏನನ್ನೋ ಹುಡುಕುತ್ತಿತ್ತು. ಅಷ್ಟರಲ್ಲಿ ಮಿಕ್ಸಿಗಳ ಲೆಕ್ಕ ಚುಕ್ತಾ ಮಾಡಬೇಕಿತ್ತು. ಎರಡು ಗೋಣಿಚೀಲದಲ್ಲಿ ತುಂಬಿಕೊಂಡು ನಾಯಂಡಹಳ್ಳಿಯಲ್ಲಿ ಮಾವನ ಹಳೇ ಅಂಗಡಿಯ ಪಕ್ಕದ ರಿಪೇರಿಯವರ ಹತ್ತಿರ ಹೋದೆ. ಅವರು ಚೀಲದೊಳಗೆ ಇಣುಕಿ, "ಏನಮ್ಮ ಇದು, ಆರು ಜನದ ಅಸ್ಥಿ ಒಂದೇ ಮಡಕೇಲಿ ತಂದಿದ್ದೀಯ?" ಎಂದರು. ಐದು ಮಿಕ್ಸಿ, ಎರಡು ಫ್ಯಾನು ಜೀವ ಪಡೆದವು. ಏಳದೇ ಉಳಿದ ಆರನೇ ಮಿಕ್ಸಿ, ಹೇಗೋ ಏನೋ, ನಮ್ಮದೇ. ಎದುರು ಮನೆ ಆಂಟಿ ತಮ್ಮದನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಿವಿಯಲ್ಲಿ, "ಇದು ನಂದಲ್ಲ. ಆದ್ರೆ ನಂದಕ್ಕಿಂತ ಚೆನ್ನಾಗೈತೆ. ಬಾಯಿ ಬಿಡ್ಬೇಡ," ಎಂದು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು.

ಅವರೆಕಾಯಿ ಕಾಲ ಶುರುವಾಗಿತ್ತು. ಅತ್ತೆ ನೆನೆಸಿದ ಅವರೆಕಾಳಿನ ಪಾತ್ರೆ ತಂದು ಮಾವನ ಮುಂದಿಟ್ಟು, "ಹಿತುಕಿ, ಸಾರಿಗೆ," ಎಂದರು. ಒಂದೊಂದೇ ಕಾಳು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುವ ಕೆಲಸ. ನನಗೆ ಭಯ, ಮಿಕ್ಸಿ ಹೋಗಿ ಇದು ಶುರುವಾಯಿತೆಂದರೆ ಮಾರ್ಚ್ ತನಕ ಹಿತುಕಿದ ಬೇಳೆಯೇ ಗತಿ. ಮಾವ ಅರ್ಧ ಪಾತ್ರೆ ಹಿತುಕಿ ಪಕ್ಕಕ್ಕೆ ತಳ್ಳಿದರು. "ಸಾಕು ಕಣೆ, ಬೆರಳು ನೋಯ್ತದೆ."

ಅತ್ತೆ ಅಡುಗೆಮನೆಗೆ ಓಡಿ ಬಂದರು. "ಸಾಕು ಅಂದ್ರು ಕಣೇ!" ಎಂದು ನನ್ನ ತೋಳು ಹಿಡಿದುಕೊಂಡು ಅಲ್ಲಾಡಿಸಿದರು. ಎಷ್ಟೋ ತಿಂಗಳಿಂದ ಆ ಮನುಷ್ಯನ ಬಾಯಲ್ಲಿ ಆ ಮಾತು ಬಂದಿರಲಿಲ್ಲ.

ಈಗ ಹೇಗಿದ್ದಾರೆ ಎಂದರೆ, ಮೊದಲಿನಷ್ಟು ಚುರುಕಾಗಿ ನಡೆಯುವುದಿಲ್ಲ. ವಾರದಲ್ಲಿ ಎರಡು ದಿನ ಬೆಳಗಿನ ಮಾತ್ರೆ ಕೈಕೊಡುತ್ತದೆ. ಆ ದಿನ ಮಗ ಇದ್ದರೆ ಮಗ, ಇಲ್ಲದಿದ್ದರೆ ನಾನು; ಮುಖ ಗಂಟಿಕ್ಕಿಕೊಂಡು ಸಹಿಸುತ್ತಾರೆ. ಉಳಿದ ಐದು ದಿನ ಅವರ ಹತ್ತು ನಿಮಿಷ ಅವರದು. ಹತ್ತು ನಿಮಿಷ ಎನ್ನುವುದು ಡಾಕ್ಟರಿಗೆ ಹೇಳಿದ ಲೆಕ್ಕ. ಒಳಗೆ ಹೋದರೆ ಮುಕ್ಕಾಲು ಗಂಟೆ. ನೀರು ಬೀಳುವ ಸದ್ದಿಲ್ಲ, ಕೆಮ್ಮಿಲ್ಲ, ಏನು ಮಾಡುತ್ತಾರೋ ದೇವರಿಗೇ ಗೊತ್ತು. ಹೊರಗೆ ಜನರಲ್ ಶಿಫ್ಟಿನ ಕಂಪನಿ ಬಸ್ ಹಿಡಿಯಬೇಕಾದ ನನ್ನ ಗಂಡ ಟವೆಲ್ ಹಿಡಿದು ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತಾ ಬಾಗಿಲು ಬಡಿಯುತ್ತಿರುತ್ತಾರೆ.

"ಅಪ್ಪಾ, ಬಸ್ ಹೋಗುತ್ತೆ!"

"ಹೋದ್ರೆ ಹೋಗ್ಲಿ ಬಿಡೋ. ಸಿಟಿ ಬಸ್ಸೈತೆ."

"ಅಪ್ಪಾ, ಅರ್ಜೆಂಟು!"

"ಎದುರು ಮನೇಗೋಗು."

ಇಷ್ಟೇ ನನ್ನ ಕಥೆ. ಈಗ ನಿಮ್ಮ ಸರದಿ. ನರದ ಕಾಯಿಲೆ ಇರುವವರು ನಿಮ್ಮ ಮನೆಯಲ್ಲೂ ಇದ್ದರೆ, ಅವರ ಮನಸ್ಸು ಯಾವ ದಿಕ್ಕಿಗೆ ತಿರುಗಿತು, ನೀವು ಡಾಕ್ಟರ ಹತ್ತಿರ ಏನನ್ನು ಮುಚ್ಚಿಟ್ಟಿರಿ, ಯಾಕೆ ಮುಚ್ಚಿಟ್ಟಿರಿ, ಕೆಳಗೆ ಬರೆಯಿರಿ. ಹೆಸರು ಹಾಕಬೇಡಿ, ಊರೂ ಬೇಡ. ನಾಚಿಕೆಯದ್ದಾದರೂ ಬರೆಯಿರಿ. ನಮ್ಮ ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕುಳಿತಿದ್ದಾರೆ, ಎಲ್ಲವನ್ನೂ ಓದಿ ಹೇಳಬೇಕಂತೆ.